ಅಮೆರಿಕೆಯ ರಾಜ್ಯಾಂಗವೂ ನಮ್ಮ ವಿದ್ಯಾರ್ಥಿಗಳೂ

1782ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಡೆಲಾವೇರ್ ಕೊಲ್ಲಿಯಲ್ಲಿ ಅಮೆರಿಕೆಯ ಪೆನ್ಸಿಲ್ವೇನಿಯಾ ಸಂಸ್ಥಾನದ ಹಡಗೊಂದು ತನಗಿಂತ ಬಲವಾದ ಆಂಗ್ಲ ಯುದ್ಧನೌಕೆಯನ್ನು ಸೆರೆಹಿಡಿಯಿತು. ಗೆದ್ದ ಹಡಗಿನ ಹೆಸರು 'ಹೈದರ್ ಅಲ್ಲಿ'. 1749ರ ದೇವನಹಳ್ಳಿಯ ಮುತ್ತಿಗೆಯಲ್ಲಿ ಮೊದಲು ಹೆಸರು ಪಡೆದ ನಮ್ಮ ಹೈದರಾಲಿಯ ಕೀರ್ತಿಯು, ಆಂಗ್ಲರೊಡನೆ ಕಾದುತ್ತಿದ್ದ ಆ ದೂರದೇಶದ ಜನಕ್ಕೂ ಮುಟ್ಟಿದ್ದಿತು. ದೇವನಹಳ್ಳಿಯ ಕೋಟೆಯನ್ನು ನಿತ್ಯವೂ ನೋಡುವ ಬಾಲಕನಿಗೆ ಉಪಾಧ್ಯಾಯರು ಅಮೆರಿಕೆಯ ಚರಿತ್ರೆಯನ್ನು ಇಲ್ಲಿಂದ ಆರಂಭಿಸಿದರೆ, ಅದು ಅವನಿಗೆ ಪರರ ಕಥೆಯೆಂದು ತೋರದು.

ಆದರೆ ನಡೆಯುತ್ತಿರುವುದೇನು? 1776, 1787 ಎಂಬ ಇಸವಿಗಳನ್ನು ಬಾಯಿಪಾಠ ಮಾಡಿಸಿ ಪರೀಕ್ಷೆಗೆ ಕಳುಹಿಸುವುದೇ ಬೋಧನೆಯೆನಿಸಿದೆ. ಸ್ವಾತಂತ್ರ್ಯವನ್ನು ಗೆದ್ದ 13 ಸಂಸ್ಥಾನಗಳ ಒಕ್ಕೂಟಕ್ಕೆ ತೆರಿಗೆಯೆತ್ತುವ ಅಧಿಕಾರವೇ ಇರಲಿಲ್ಲವೆಂಬುದನ್ನೂ, ಆ ಸಂಕಟದಿಂದಲೇ 1787ರಲ್ಲಿ 55 ಮಂದಿ ಪ್ರತಿನಿಧಿಗಳು ಫಿಲಡೆಲ್ಫಿಯಾ ನಗರದಲ್ಲಿ ಕಲೆತರೆಂಬುದನ್ನೂ ಹೇಳುವವರು ವಿರಳ. ದೊಡ್ಡ ಸಂಸ್ಥಾನಗಳು ಜನಸಂಖ್ಯೆಗೆ ತಕ್ಕ ಸ್ಥಾನಗಳನ್ನು ಕೇಳಿದವು. ಚಿಕ್ಕವು ಸಮಸ್ಥಾನವನ್ನು ಕೇಳಿದವು. ಕಡೆಗೆ ಒಂದು ಸಭೆಗೆ ಜನಸಂಖ್ಯೆಯೂ, ಇನ್ನೊಂದಕ್ಕೆ ಸಂಸ್ಥಾನಕ್ಕೆ ಇಬ್ಬರಂತೆ ಸಮಾನತೆಯೂ ಆಧಾರವಾದುವು.

ಇದನ್ನು ತಿಳಿಯಲು ಗ್ರಂಥಭಂಡಾರವೇ ಬೇಕೆಂದಿಲ್ಲ. ತರಗತಿಯನ್ನು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂದು ನಾಲ್ಕು ಪಾಲು ಮಾಡಿ, ಒಂದು ಪಾಲಿಗೆ ಹೆಚ್ಚು ಹುಡುಗರನ್ನೂ ಇನ್ನೊಂದಕ್ಕೆ ಕಡಿಮೆ ಹುಡುಗರನ್ನೂ ಕೊಟ್ಟು, ಕೆರೆಗಳ ದುರಸ್ತಿಯ ಹಣವನ್ನು ಹಂಚಿರೆಂದು ಹೇಳಲಿ. ಮತವು ತಲೆಗೊಂದೋ, ತಾಲ್ಲೂಕಿಗೊಂದೋ ಎಂಬ ಜಗಳವು ಅರೆಗಳಿಗೆಯಲ್ಲಿ ತಾನಾಗಿಯೇ ಏಳುವುದು. ರಾಜ್ಯಾಂಗಶಾಸ್ತ್ರದ ಮೊದಲ ಪಾಠವು ಅದೇ.

ದೋಷವನ್ನೂ ಮುಚ್ಚಿಡಲಾಗದು. ಸ್ವಾತಂತ್ರ್ಯವನ್ನು ಸಾರಿದ ಆ ಮಹನೀಯರೇ ಪ್ರಾತಿನಿಧ್ಯದ ಲೆಕ್ಕದಲ್ಲಿ ಐವರು ದಾಸರನ್ನು ಮೂವರೆಂದು ಎಣಿಸಿದರು. ದಾಸ್ಯವು ಅಲ್ಲಿ ಅಳಿದುದು ಅಂತರ್ಯುದ್ಧದ ರಕ್ತಪಾತವಾದ ಮೇಲೆ, 1865ರಲ್ಲಿ. ಲಿಂಗಭೇದದಿಂದ ಮತವನ್ನು ನಿರಾಕರಿಸಬಾರದೆಂಬ ವಿಧಿ ಬಂದುದು 1920ರಲ್ಲಿ. ನಮ್ಮ ಸಂವಿಧಾನವಾದರೋ ವಯಸ್ಕರೆಲ್ಲರಿಗೂ ಆರಂಭದಲ್ಲಿಯೇ ಮತವನ್ನಿತ್ತಿತು. ಅದನ್ನು ರಚಿಸಿದ ಸಭೆಯಲ್ಲಿ, 1938ರ ಶಿವಪುರ ಧ್ವಜಸತ್ಯಾಗ್ರಹದ ಅಧ್ಯಕ್ಷರಾಗಿದ್ದ ದೊಡ್ಡಬಳ್ಳಾಪುರದ ಟಿ. ಸಿದ್ದಲಿಂಗಯ್ಯನವರು ಮೈಸೂರಿನ ಪ್ರತಿನಿಧಿಗಳಲ್ಲೊಬ್ಬರು. ಸಭೆಯ ಸಲಹೆಗಾರರಾಗಿದ್ದ, ಮಂಗಳೂರಿನಲ್ಲಿ ಹುಟ್ಟಿದ ಬಿ. ಎನ್. ರಾವ್ ಅವರು 1947ರಲ್ಲಿ ಅಮೆರಿಕೆಗೇ ಹೋಗಿ ಅಲ್ಲಿನ ನ್ಯಾಯಮೂರ್ತಿಗಳೊಡನೆ ಸಮಾಲೋಚಿಸಿದರು. ಆದರೂ ನಮ್ಮವರು ಕುರುಡಾಗಿ ಅನುಕರಿಸಲಿಲ್ಲ: ರಾಜ್ಯಸಭೆಯಲ್ಲಿ ಕರ್ಣಾಟಕಕ್ಕೆ 12 ಸ್ಥಾನಗಳು, ಗೋವೆಗೆ ಒಂದೇ.

ಹೀಗೇಕೆಂದು ಒಬ್ಬ ವಿದ್ಯಾರ್ಥಿಯು ಎದ್ದುನಿಂತು ಕೇಳಿದರೆ ಉಪಾಧ್ಯಾಯರು ಗದರಿಸದಿರಲಿ. ಫಿಲಡೆಲ್ಫಿಯಾದಲ್ಲಿಯೂ ದೆಹಲಿಯಲ್ಲಿಯೂ ಕುಳಿತವರು ಕೇಳಿದುದು ಆ ಪ್ರಶ್ನೆಯನ್ನೇ. ಅದನ್ನು ಕೇಳಲು ಕಲಿಯದೆ ಇಸವಿಗಳನ್ನಷ್ಟೇ ಒಪ್ಪಿಸಿದ ಬಾಲಕನು, ನಾಳೆ ಮತವನ್ನೂ ಹಾಗೆಯೇ ಯಾರೋ ಹೇಳಿದಂತೆ ಒಪ್ಪಿಸಿ ಬರುವನು.