ಹಳೆಯ ಗಾಡಿಯ ಟೈಮಿಂಗ್ ಬೆಲ್ಟ್: ಬದಲಾಯಿಸುವುದು ಯಾವಾಗ?

ಮದುವೆ ಊಟದ ಹೊತ್ತಿಗೇ ಘೋಡ್‌ಬಂದರ್ ರಸ್ತೆಯಲ್ಲಿ ನಮ್ಮ ವ್ಯಾನ್ ನಿಂತುಹೋಯಿತು. ಸಾರು, ಪಲ್ಯದ ಪಾತ್ರೆಗಳನ್ನು ಬಾಡಿಗೆ ಟೆಂಪೋಗೆ ಏರಿಸಿ ಥಾಣೆಯ ಹಾಲ್ ತಲುಪುವಷ್ಟರಲ್ಲಿ ಮೊದಲ ಪಂಕ್ತಿ ಎಲೆ ಮುಂದೆ ಕಾದು ಕುಳಿತಿತ್ತು. ತುಂಡಾಗಿದ್ದು ಒಂದು ರಬ್ಬರ್ ಪಟ್ಟಿ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗ ಟೈರು, ಬ್ಯಾಟರಿ ಎಲ್ಲ ನೋಡಿದ್ದೆವು; ಮೀಟರ್‌ನಲ್ಲಿ 48,000 ಕಿ.ಮೀ. ಮಾತ್ರ ಇದ್ದುದರಿಂದ ಬೆಲ್ಟ್ ವಿಚಾರ ಕೇಳಲೇ ಇಲ್ಲ. ಸದಸ್ಯ ಬಾಂಧವರಿಗೆ ಇಂಥ ಪ್ರಸಂಗ ಬಾರದಿರಲೆಂದು ಈ ನಾಲ್ಕು ಮಾತು.

ಎಂಜಿನ್ನಿನ ಕ್ರ್ಯಾಂಕ್ ಶಾಫ್ಟ್ ತಿರುಗಿದಂತೆ ಕ್ಯಾಮ್ ಶಾಫ್ಟನ್ನೂ ತಿರುಗಿಸಿ, ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವುದು ಈ ಹಲ್ಲಿನ ಬೆಲ್ಟಿನ ಕೆಲಸ. ಅದು ತುಂಡಾದರೆ ತಾಳ ತಪ್ಪುತ್ತದೆ. ಅನೇಕ ಎಂಜಿನ್‌ಗಳಲ್ಲಿ, ಡೀಸೆಲ್‌ನಲ್ಲಂತೂ ಸಾಮಾನ್ಯವಾಗಿ, ಪಿಸ್ಟನ್ ಬಡಿದು ವಾಲ್ವ್ ಬಾಗುತ್ತದೆ. ಆಗ ಬೆಲ್ಟಿನ ಖರ್ಚಿನ ಹಲವು ಪಟ್ಟು ಹಣ ಹೆಡ್ ಕೆಲಸಕ್ಕೆ ಹೋಗುತ್ತದೆ.

ಮೊದಲು ನಿಮ್ಮ ಗಾಡಿಗೆ ಬೆಲ್ಟ್ ಇದೆಯೇ, ಚೈನ್ ಇದೆಯೇ ತಿಳಿಯಿರಿ. 2019ರಲ್ಲಿ ತಯಾರಿಕೆ ನಿಂತ ಮಾರುತಿ ಓಮ್ನಿ, ಇಂಡಿಕಾ ಡೀಸೆಲ್, ಹಳೆಯ 2.5 ಡೀಸೆಲ್ ಇನ್ನೋವಾಗಳಲ್ಲಿ ಬೆಲ್ಟ್. ಈಕೋ, ಸ್ವಿಫ್ಟ್ ಡೀಸೆಲ್‌ಗಳಲ್ಲಿ ಚೈನ್. ಚೈನಿಗೆ ಈ ಅವಧಿಯ ಲೆಕ್ಕವಿಲ್ಲ.

ಬೆಲ್ಟಿನ ಅವಧಿ ಗಾಡಿಯ ಪುಸ್ತಕದಲ್ಲಿರುತ್ತದೆ. ಕಿಲೋಮೀಟರು, ವರ್ಷ ಎರಡನ್ನೂ ನೋಡಿ, ಯಾವುದು ಮೊದಲು ಮುಗಿಯುವುದೋ ಅದನ್ನು ಹಿಡಿಯಬೇಕು. ನಿಂತ ಗಾಡಿಯಲ್ಲೂ ರಬ್ಬರ್ ಹಳತಾಗುತ್ತದೆ. ನಮ್ಮ ಕಡೆ ಇನ್ನೊಂದು ಲೆಕ್ಕವೂ ಉಂಟು. ಡೊಂಬಿವಲಿಯಿಂದ ಶಿಳಫಾಟಾ ದಾಟಿ ವಾಶಿ ಎಪಿಎಂಸಿಗೆ ತರಕಾರಿಗೆ ಹೋಗುವ ಗಾಡಿ ಟ್ರಾಫಿಕ್‌ನಲ್ಲಿ ನಿಂತರೂ ಎಂಜಿನ್ ಓಡುತ್ತಲೇ ಇರುತ್ತದೆ. ಗಂಟೆಗೆ ಸರಾಸರಿ 40 ಕಿ.ಮೀ. ಓಡುವ ಗಾಡಿಗೆ 60,000 ಕಿ.ಮೀ. ಎಂದರೆ 1,500 ಗಂಟೆ, 15 ಕಿ.ಮೀ. ಓಡುವ ಗಾಡಿಗೆ 4,000 ಗಂಟೆ! ಆದ್ದರಿಂದ ಪುಸ್ತಕದ ಅವಧಿಗಿಂತ ಸ್ವಲ್ಪ ಮೊದಲೇ ಬದಲಾಯಿಸುವುದು ಕ್ಷೇಮ.

ಹಳೆಯ ಗಾಡಿ ಕೊಳ್ಳುವಾಗ ಆರ್.ಸಿ.ಯಲ್ಲಿ ತಯಾರಾದ ತಿಂಗಳು, ವರ್ಷ ನೋಡಿ. ಎಂಎಚ್ 04 ಇರಲಿ, 05 ಇರಲಿ, 43 ಇರಲಿ, ಬೆಲ್ಟ್ ಬದಲಿಸಿದ ಬಿಲ್ ಕೇಳಿ. ಅದರಲ್ಲಿ ತಾರೀಕು, ಕಿಲೋಮೀಟರು ಇರಬೇಕು. "ಈಗಷ್ಟೇ ಹಾಕಿಸಿದ್ದು" ಎಂಬ ಬಾಯಿಮಾತು ಸಾಲದು. ಮೀಟರ್ ತಿರುಗಿಸಿದ ಗಾಡಿಗಳೂ ಇರುತ್ತವೆ. ಬಿಲ್ ಇಲ್ಲದಿದ್ದರೆ ಬೆಲ್ಟ್ ಹಳೆಯದೆಂದೇ ಭಾವಿಸಿ, ಆ ಖರ್ಚನ್ನು ಬೆಲೆಯಲ್ಲಿ ಕಡಿತ ಮಾಡಿಸಿ, ಗಾಡಿ ಕೆಲಸಕ್ಕೆ ಇಳಿಸುವ ಮುಂಚೆಯೇ ಹೊಸದು ಹಾಕಿಸಿ. ಬಿರುಕು, ಎಣ್ಣೆ ಕಂಡರಂತೂ ತಡ ಮಾಡಬೇಡಿ. ಆದರೆ ನೋಡಲು ಚೆನ್ನಾಗಿರುವ ಬೆಲ್ಟೂ ತುಂಡಾಗಬಹುದು.

ಬೆಲ್ಟಿನ ಜೊತೆ ಟೆನ್ಷನರ್, ಐಡ್ಲರ್ ಬೇರಿಂಗ್ ಬದಲಾಯಿಸಿ. ವಾಟರ್ ಪಂಪ್ ಅದೇ ಬೆಲ್ಟಿನಿಂದ ತಿರುಗುವುದಾದರೆ ಅದನ್ನೂ ಮಾಡಿಸಿ. ಬಿಚ್ಚುವ ಕೂಲಿ ಒಂದೇ. ದಾರಿಯಲ್ಲಿ ಬೆಲ್ಟ್ ಹೋದ ಅನುಮಾನ ಬಂದರೆ ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ, ತಳ್ಳಿ ಸ್ಟಾರ್ಟ್ ಮಾಡಬೇಡಿ, ಟೋ ಮಾಡಿಸಿ.

ಆಷಾಢದಲ್ಲಿ ಮದುವೆಗಳಿಲ್ಲ, ಗಾಡಿ ಗ್ಯಾರೇಜಿನಲ್ಲಿ ನಿಂತರೂ ನಷ್ಟವಿಲ್ಲ. ತುಳಸಿ ವಿವಾಹದ ನಂತರ ಮುಹೂರ್ತಗಳು ಶುರುವಾದರೆ ಪುರುಸೊತ್ತು ಎಲ್ಲಿ? ಬದಲಿಸಿದ ತಾರೀಕನ್ನು ಬಾನೆಟ್ ಒಳಗೆ ಬರೆದಿಡಿ. ಗಿರಾಕಿಗೆ ಕೊಟ್ಟ ಮಾತು ಉಳಿಯಬೇಕಾದರೆ ಅಡುಗೆಯಷ್ಟೇ ಗಾಡಿಯೂ ಮುಖ್ಯ.