ಗೆದ್ದೆ ಎಂದವರು ಮನೆಗೆ, ಸೋತರೆಂದವರು ಕುರ್ಚಿಗೆ!

ಎಣಿಕೆ ಮುಗಿಯುವ ಮೊದಲೇ ಪಟಾಕಿ ಹಚ್ಚಿ ಪೇಚಿಗೆ ಬಿದ್ದವರು ನಮ್ಮ ಕಡೆ ಮಾತ್ರ ಇದ್ದಾರೆ ಅಂದುಕೊಳ್ಳಬೇಡಿ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2010ರ ನವೆಂಬರ್ 2ರ ರಾತ್ರಿ ಸ್ಟೀವ್ ಕೂಲಿ ಎಂಬ ರಿಪಬ್ಲಿಕನ್ ಹುರಿಯಾಳು ತಾನು ಗೆದ್ದಾಯಿತೆಂದು ಸಾರಿಯೇಬಿಟ್ಟರು. ಎದುರಾಳಿ ಕಮಲಾ ಹ್ಯಾರಿಸ್ ಮಾತ್ರ ಸೋಲೊಪ್ಪಲಿಲ್ಲ.

ಹುದ್ದೆ ರಾಜ್ಯದ ಅಟಾರ್ನಿ ಜನರಲ್. ನಮ್ಮಲ್ಲಾದರೆ ಸರಕಾರಿ ವಕೀಲರನ್ನು ಸರಕಾರವೇ ನೇಮಿಸುತ್ತದೆ. ಅಲ್ಲಿ ಜಿಲ್ಲೆಯ ಮುಖ್ಯ ಪ್ರಾಸಿಕ್ಯೂಟರ್ ಕೂಡ ಬೀದಿಗಿಳಿದು ವೋಟು ಕೇಳಬೇಕು.

ಈ ಕಮಲಾ ಹುಟ್ಟಿದ್ದು 1964ರಲ್ಲಿ, ಓಕ್‌ಲೆಂಡಿನಲ್ಲಿ. ತಾಯಿ ಶ್ಯಾಮಲಾ ಗೋಪಾಲನ್ ಮದ್ರಾಸಿನಿಂದ ಓದಲು ಹೋದ ಹೆಣ್ಣುಮಗಳು, ಕ್ಯಾನ್ಸರ್ ಸಂಶೋಧಕಿ. ತಂದೆ ಜಮೈಕಾದವರು, ಅರ್ಥಶಾಸ್ತ್ರದ ಪ್ರೊಫೆಸರ್. ಕಾನೂನು ಓದಿದ ಮಗಳು 1990ರಲ್ಲಿ ಅಲಮೀಡಾ ಜಿಲ್ಲೆಯಲ್ಲಿ ಕಿರಿಯ ಪ್ರಾಸಿಕ್ಯೂಟರ್ ಆದರು. 2003ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತಾನು ಹಿಂದೆ ಕೈಕೆಳಗೆ ದುಡಿದ ಸಾಹೇಬರ ಮೇಲೆಯೇ ನಿಂತರು. ಅಂಗಡಿ ಮುಂದೆ ಇಸ್ತ್ರಿ ಮೇಜು ಬಿಡಿಸಿ, ಅದಕ್ಕೆ ಪೋಸ್ಟರ್ ಅಂಟಿಸಿ ಪ್ರಚಾರ! ಗೆದ್ದೂಬಿಟ್ಟರು.

ಗೆಲ್ಲುವಾಗ ಕೊಟ್ಟ ಮಾತು ಒಂದಿತ್ತು: ಗಲ್ಲು ಕೇಳುವುದಿಲ್ಲ. ಕುರ್ಚಿಗೆ ಬಂದು ನಾಲ್ಕು ತಿಂಗಳಾಗಿರಲಿಲ್ಲ, 2004ರ ಏಪ್ರಿಲ್‌ನಲ್ಲಿ 29 ವರ್ಷದ ಪೊಲೀಸನೊಬ್ಬ ಗುಂಡಿಗೆ ಬಲಿಯಾದ. ಹೆಣ ಮಣ್ಣಾಗುವ ಮೊದಲೇ ಕಮಲಾ ಗಲ್ಲು ಕೇಳೆನೆಂದು ಸಾರಿದರು. ಪೊಲೀಸರು ಕೆಂಡವಾದರು. ಅಂತ್ಯಕ್ರಿಯೆಯಲ್ಲಿ ಅವರದೇ ಡೆಮಾಕ್ರಟಿಕ್ ಪಕ್ಷದ ಸೆನೆಟರ್ ಡಯಾನ್ ಫೈನ್‌ಸ್ಟೈನ್, ಇಂಥ ಕೇಸಿಗಲ್ಲದೆ ಗಲ್ಲು ಇನ್ಯಾತಕ್ಕೆ ಅನ್ನುವ ಅರ್ಥದಲ್ಲಿ ಮಾತಾಡಿದಾಗ ನೆರೆದ ಪೊಲೀಸರು ಎದ್ದುನಿಂತು ಚಪ್ಪಾಳೆ ತಟ್ಟಿದರು. ಕಮಲಾ ಅಲ್ಲೇ ಕುಳಿತಿದ್ದರು. ಅಷ್ಟು ಆತುರ ಬೇಕಿತ್ತೇ, ಮನೆಯವರ ದುಃಖ ಆರುವ ತನಕ ತಡೆಯಬಹುದಿತ್ತಲ್ಲ ಎಂದವರೂ ಇದ್ದರು. ಆ ಮಾತಿನಲ್ಲಿ ಸುಳ್ಳಿಲ್ಲ. ಕೊಂದವನಿಗೆ 2007ರಲ್ಲಿ ಸಾಯುವ ತನಕ ಜೈಲು ಎಂದಾಯಿತು.

ಕೇಸು ಮುಗಿದರೂ ಕಥೆ ಮುಗಿಯಲಿಲ್ಲ. 2010ರ ಪ್ರಚಾರದಲ್ಲಿ ಆ ಕೊಲೆ ಟಿವಿ ಜಾಹೀರಾತಾಗಿ ಮತ್ತೆ ಎದ್ದು ಬಂತು. ಸಾಲದ್ದಕ್ಕೆ ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೋ ಪೊಲೀಸ್ ಲ್ಯಾಬಿನ ಸಿಬ್ಬಂದಿಯೊಬ್ಬರು ಕೊಕೇನ್ ಕದ್ದ ಹಗರಣ ಬಯಲಾಗಿ ನೂರಾರು ಕೇಸು ಬಿದ್ದುಹೋಗಿದ್ದವು. ಕಮಲಾ ಕಚೇರಿಗೆ ಜಡ್ಜರಿಂದ ಛೀಮಾರಿಯೂ ಆಗಿತ್ತು. ಕೂಲಿಯವರೋ ಲಾಸ್ ಏಂಜಲೀಸಿನಲ್ಲಿ ಮೂರು ಬಾರಿ ಗೆದ್ದ ಹಳೇ ಹುಲಿ.

ಹುಲಿ ಎಡವಿದ್ದು ನಾಲಿಗೆಯಿಂದ. ಅಕ್ಟೋಬರ್ 5ರ ಚರ್ಚೆಯಲ್ಲಿ, ಗೆದ್ದರೆ ಹಳೆಯ ಪಿಂಚಣಿ, ಹೊಸ ಸಂಬಳ ಎರಡೂ ತಗೋತೀರಾ ಎಂದು ಕೇಳಿದರು. ಹೌದು, ದುಡಿದು ಗಳಿಸಿದ್ದು ಎಂದರು ಕೂಲಿ. ಹೆಸರೇ ಕೂಲಿ, ಬಿಡುತ್ತಾರೆಯೇ! ಕೆಲಸ ಕಳೆದುಕೊಂಡು ಜನ ಕಂಗಾಲಾಗಿದ್ದ ಕಾಲ ಅದು. ಕಮಲಾ ನಗುತ್ತಾ, ತಗೊಳ್ಳಿ ಸ್ವಾಮಿ, ದುಡಿದಿದ್ದೀರಿ ಎಂಬ ಧಾಟಿಯಲ್ಲಿ ಒಂದು ಮಾತೆಸೆದು ಸುಮ್ಮನಾದರು. ಆಮೇಲೆ ಆ ಉತ್ತರವನ್ನೇ ಜಾಹೀರಾತು ಮಾಡಿ ಟಿವಿಗೆ ಹಾಕಿದರು.

ಸುಮಾರು 96 ಲಕ್ಷ ಮತಗಳ ಎಣಿಕೆ ಮೂರು ವಾರ ಎಳೆಯಿತು. ನವೆಂಬರ್ 24ರಂದು ಕೂಲಿ ಸೋಲೊಪ್ಪಿದರು. ಕೊನೆಯ ಅಂತರ ಬರೀ 74 ಸಾವಿರದ ಆಸುಪಾಸು. ಸ್ವಂತ ಲಾಸ್ ಏಂಜಲೀಸ್ ಜಿಲ್ಲೆಯಲ್ಲೇ ಕೂಲಿ 3 ಲಕ್ಷಕ್ಕೂ ಹೆಚ್ಚು ಮತಗಳಿಂದ ಹಿಂದೆ ಬಿದ್ದಿದ್ದರು.

ಆ ಪೀಠದಲ್ಲಿ ಕೂತ ಮೊದಲ ಹೆಂಗಸು ಕಮಲಾ. ಮುಂದೆ ಸೆನೆಟರ್, 2021ರಿಂದ ನಾಲ್ಕು ವರ್ಷ ಉಪಾಧ್ಯಕ್ಷೆ, 2024ರಲ್ಲಿ ಅಧ್ಯಕ್ಷ ಪದವಿಗೆ ನಿಂತು ಟ್ರಂಪ್ ಎದುರು ಸೋಲು, ಇದೆಲ್ಲ ಊರಿಗೇ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಇನ್ನೊಂದಿದೆ. 2014ರಲ್ಲಿ ಫೆಡರಲ್ ಜಡ್ಜರೊಬ್ಬರು ಕ್ಯಾಲಿಫೋರ್ನಿಯಾದ ಗಲ್ಲು ವ್ಯವಸ್ಥೆಯೇ ಸಂವಿಧಾನಬಾಹಿರ ಎಂದು ತೀರ್ಪಿತ್ತರು. ಅದರ ವಿರುದ್ಧ ರಾಜ್ಯದ ಪರವಾಗಿ ಅಪೀಲು ಹೋದ ಅಟಾರ್ನಿ ಜನರಲ್ ಇದೇ ಕಮಲಾ ಹ್ಯಾರಿಸ್.