ಈಳಿಗಿಯ ಕರೆ, ಅಡಕಿಯ ಒಗರು

ಧಾರವಾಡದ ಮಾಳಮಡ್ಡಿಯ ಹಳೆಯ ಮನೆಗಳಿಗೆ ಸ್ಟೀಲ್ ಚಾಕು ಬಂದು ಎಷ್ಟೋ ಕಾಲವಾಯಿತು. ಆದರೂ ಕಬ್ಬಿಣದ ಈಳಿಗಿ ಇನ್ನೂ ಅಟ್ಟ ಏರಿಲ್ಲ. ಬಾಳೆಕಾಯಿ ಪಲ್ಯದ ದಿನ ನೋಡಬೇಕು. ನಾಲ್ಕು ಹೋಳು ಬೀಳುವಷ್ಟರಲ್ಲಿ ಅಲಗು ಕಪ್ಪಿಟ್ಟು, ಬೆರಳ ತುದಿಗೂ ಮಸಿ ಹತ್ತಿರುತ್ತದೆ. ಸಾಬೂನಿಗೆ ಜಗ್ಗದ ಕರೆ ಅದು. "ಹುಣಸಿಹಣ್ಣು ಹಚ್ಚಿ ತಿಕ್ಕು" ಎನ್ನುವ ಅಜ್ಜಿಯ ಮಾತಿನಲ್ಲಿ ಅಪ್ಪಟ ರಸಾಯನಶಾಸ್ತ್ರವಿದೆ.

ಕರೆಗೆ ಕಾರಣ ಬಾಳೆಕಾಯಿಯಲ್ಲಿರುವ ಟ್ಯಾನಿನ್. ಇದರ ಅಣುವಿನಲ್ಲಿ ಇಂಗಾಲದ ಉಂಗುರಗಳಿದ್ದು, ಅವುಗಳ ಮೇಲೆ ಹೈಡ್ರಾಕ್ಸಿಲ್ ಗುಂಪುಗಳು ಅಕ್ಕಪಕ್ಕದಲ್ಲೇ ಕೂತಿರುತ್ತವೆ. ಅಲಗಿನಿಂದ ಬಿಟ್ಟುಬಂದ ಕಬ್ಬಿಣವನ್ನು ಅವು ಇಕ್ಕಳದ ಹಾಗೆ ಹಿಡಿದುಕೊಳ್ಳುತ್ತವೆ. ಗಾಳಿಯ ಆಮ್ಲಜನಕವೂ ಸೇರಿದಾಗ ನೀಲಿಗಪ್ಪು ಬಣ್ಣ ಗಟ್ಟಿಯಾಗುತ್ತದೆ. ಹುಣಸೆಯ ಟಾರ್ಟಾರಿಕ್ ಆಮ್ಲ ಆ ಹಿಡಿತ ಸಡಿಲಿಸಿ ಕಬ್ಬಿಣವನ್ನು ತನ್ನತ್ತ ಎಳೆದುಕೊಳ್ಳುತ್ತದೆ.

ಕೈಗೆ ಹತ್ತಿದರೆ ಬೈಸಿಕೊಳ್ಳುವ ಈ ಕಪ್ಪನ್ನೇ ಹಿಂದಿನವರು ಬೇಕೆಂದು ತಯಾರಿಸಿ ಬರೆಯುತ್ತಿದ್ದರು. ಅಳಲೆಕಾಯಿ ಜಜ್ಜಿ ಕುದಿಸಿ, ಸೋಸಿ, ಅನ್ನಭೇದಿ ಎಂಬ ಕಬ್ಬಿಣದ ಲವಣ ಬೆರೆಸಿದರೆ ಶಾಯಿ. ಅಳಲೆಯಲ್ಲಿರುವ ಚೆಬುಲಿನಿಕ್, ಚೆಬುಲಾಜಿಕ್ ಆಮ್ಲಗಳ ಅಣುವಿನ ನಡುವೆ ಗ್ಲೂಕೋಸ್ ಇರುತ್ತದೆ; ನೀರು ಸೇರಿ ಅವು ಒಡೆದಾಗ ಗ್ಯಾಲಿಕ್ ಆಮ್ಲ ಹೊರಬರುತ್ತದೆ. ಯುರೋಪಿನವರು ಇಂಥದೇ ಶಾಯಿಯನ್ನು ಓಕ್ ಮರದ ಗಂಟುಗಳಿಂದ ಮಾಡುತ್ತಿದ್ದರು. ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಶೀಲೆ 1786ರಲ್ಲಿ ಗ್ಯಾಲಿಕ್ ಆಮ್ಲವನ್ನು ಬೇರ್ಪಡಿಸಿದ್ದೂ ಆ ಗಂಟುಗಳಿಂದಲೇ. ಬರೆಯುವಾಗ ತೆಳುವಾಗಿ ಕಾಣುವ ಅಕ್ಷರ ಒಣಗುತ್ತ ಕಪ್ಪಾಗುತ್ತದೆ. ಅನ್ನಭೇದಿ ಹೆಚ್ಚಾದರೆ ಮಾತ್ರ ಕಷ್ಟ: ವರ್ಷಗಳು ಕಳೆದಂತೆ ಶಾಯಿ ಕಾಗದವನ್ನೇ ತಿನ್ನುತ್ತದೆ.

ಅಡಕಿಯ ಟ್ಯಾನಿನ್ನಿನ ಜಾತಿಯೇ ಬೇರೆ. ಅದರಲ್ಲಿ ಗ್ಲೂಕೋಸ್ ಇಲ್ಲ. ಕ್ಯಾಟೆಚಿನ್ ಘಟಕಗಳೇ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ, ಹಾಗಾಗಿ ಸುಲಭಕ್ಕೆ ಒಡೆಯುವುದಿಲ್ಲ. ಶಿರಸಿ, ಸಾಗರದ ಕಡೆ ಎಳೆಯ ಅಡಿಕೆ ಬೇಯಿಸಿದ ಮೇಲೆ ಉಳಿಯುವ ಕೆಂಗಂದು ಚೊಗರು ತುಂಬ ಇದೇ ಸರಕು. ಹೆಗ್ಗೋಡಿನ ಬಳಿಯ 'ಚರಕ' ಕೈಮಗ್ಗದವರು ಈ ಚೊಗರಿನಿಂದ ನೂಲಿಗೆ ಬಣ್ಣ ಕಟ್ಟುತ್ತಾರೆ.

ಅಡಕಿ ಬಾಯಿಗಿಟ್ಟಾಗ ನಾಲಿಗೆ ಬಿಗಿಯುವುದೂ ಟ್ಯಾನಿನ್ನಿನ ಹಿಡಿತದಿಂದಲೇ. ಇಲ್ಲಿ ಅದಕ್ಕೆ ಸಿಗುವುದು ಕಬ್ಬಿಣವಲ್ಲ, ಜೊಲ್ಲಿನ ಪ್ರೋಟೀನು. ಪ್ರೋಟೀನು ಗಂಟುಗಟ್ಟಿದಾಗ ಬಾಯಿಯ ಜಾರುತನ ಹೋಗಿ ಒಳಗೆಲ್ಲ ಒರಟಾಗುತ್ತದೆ. ನನ್ನ ಮಟ್ಟಿಗೆ ಒಗರು ರುಚಿಗಿಂತ ಸ್ಪರ್ಶಕ್ಕೇ ಹತ್ತಿರ. (ಅಡಕಿ ಜಗಿಯುವುದರಿಂದ ಬರುವ ಕ್ಯಾನ್ಸರಿನ ಭಯ ಸಣ್ಣದಲ್ಲ, ಒಗರಿನ ನೆಪದಲ್ಲಿ ಅದನ್ನು ಮರೆಯುವಂತಿಲ್ಲ.) ಕಡಕ್ ಚಹಾಕ್ಕೆ ಹಾಲು ಬಿದ್ದೊಡನೆ ಒಗರು ಇಳಿಯುವುದಕ್ಕೂ ಕಾರಣ ಇದೇ. ಹಾಲಿನ ಕೇಸೀನ್ ಎಂಬ ಪ್ರೋಟೀನು ಕಪ್ಪಿನಲ್ಲೇ ಟ್ಯಾನಿನ್ನಿಗೆ ಸಿಕ್ಕಿಬಿಟ್ಟರೆ ನಾಲಿಗೆಗೆ ಉಳಿಯುವುದು ಕಡಿಮೆ.

ನಮ್ಮಲ್ಲಿ ಊಟ ಮುಗಿಸಿ ಕೈ ತೊಳೆಯುವ ಮುಂಚೆಯೇ ಚಹಾಕ್ಕೆ ನೀರಿಡುವ ಮನೆಗಳು ಬಹಳ. ಸೊಪ್ಪು, ಕಾಳುಗಳಿಂದ ಬಂದ ಕಬ್ಬಿಣವನ್ನು ಆ ಚಹಾದ ಟ್ಯಾನಿನ್ ಹೊಟ್ಟೆಯಲ್ಲೇ ಕಟ್ಟಿಹಾಕುತ್ತದೆ, ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಊಟದ ಜೊತೆ ಒಂದು ಹೋಳು ನಿಂಬೆ ಇದ್ದರೆ ಒಳ್ಳೆಯದು, ಚಹಾ ಒಂದು ತಾಸು ತಡೆಯಲಿ. ಕಬ್ಬಿಣದ ಗುಳಿಗಿ ತೆಗೆದುಕೊಳ್ಳುವ ಬಸುರಿಯರಂತೂ ಅದನ್ನು ಚಹಾದ ಜೊತೆ ನುಂಗಲೇಬಾರದು.